ಅಕ್ಕಿ ತುಂಬಿದ ದಿಂಬು ಮತ್ತು ಸೊರಬದ ದಾರಿ

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಶಿಕಾರಿಪುರದಲ್ಲಿ ಇಲ್ಲ ಎಂಬ ನಂಬಿಕೆ ನನಗೆ ಬಹಳ ಕಾಲದಿಂದ ಇತ್ತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು ಮನೆಯಲ್ಲೂ ಅಳೆಯದೆ ಒಂದು ಕೆಲಸ ಮಾಡಿದವಳಲ್ಲ. ಪರದೆ ಹೊಲಿಸುವ ಮುಂಚೆ ಕಿಟಕಿ ಅಳೆಯುತ್ತೇನೆ, ಕಪಾಟು ತರುವ ಮುಂಚೆ ಗೋಡೆ ಅಳೆಯುತ್ತೇನೆ. ನಮ್ಮ ಯಜಮಾನರು ಹೆಣ್ಣು ನೋಡಲು ಬಂದಾಗ ಹೇಳಿದ್ದ ತಮ್ಮ ಎತ್ತರವನ್ನು ಮದುವೆಯಾದ ಮೇಲೆ ಟೇಪು ಹಿಡಿದು ಪರಿಶೀಲಿಸಿದ್ದೇನೆ. ಒಂದಿಂಚು ಕಡಿಮೆ ಬಂತು. ಸಂಸಾರ ನಡೆದಿದೆ.

ಹೀಗಿರುವಾಗ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಒಂದು ಅಧ್ಯಯನ ನಮ್ಮ ಕಾಲೇಜಿಗೆ ಬಂತು. ಬಸುರಿಯರಿಗೆ, ಬಾಣಂತಿಯರಿಗೆ, ಎಳೆ ಕೂಸುಗಳಿಗೆ ಆಸ್ಪತ್ರೆ ಯಾವ ಊರಿಂದ ಎಷ್ಟು ಸುಲಭ, ಯಾವ ಊರಿಂದ ಎಷ್ಟು ಕಷ್ಟ ಎಂದು ಅಳೆದು ಕೊಡಬೇಕು. ಅದು ನನ್ನ ಮೇಜಿಗೇ ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬರದಿದ್ದರೆ ನಾನೇ ಹೋಗಿ ತರುತ್ತಿದ್ದೆ.

ವಿದ್ಯಾರ್ಥಿಗಳು ಊರೂರು ಸುತ್ತಿ ಬಂದರು. ಬಸುರಿಯರ ಹೆಸರು ಬರೆದುಕೊಳ್ಳುವ ಸರ್ಕಾರಿ ತಾಯಿ ಕಾರ್ಡು ಯಾವ ಊರಿನಲ್ಲಿ ಆಗಿದೆಯೋ ಆ ಊರಿನ ಲೆಕ್ಕಕ್ಕೆ ಅವರನ್ನು ಸೇರಿಸುವುದು ನಮ್ಮ ಪದ್ಧತಿ. ಪದ್ಧತಿ ನನ್ನದೇ. ನಾನು ಊಟದ ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿ, ಆಸ್ಪತ್ರೆಗೆ ಬೇಗ ತಲುಪಬಹುದಾದ ಊರಿಗೆ ಹಸಿರು, ತಡವಾಗುವ ಊರಿಗೆ ಹಳದಿ, ಕಷ್ಟಪಡುವ ಊರಿಗೆ ಕೆಂಪು ಬಣ್ಣ ಹಚ್ಚತೊಡಗಿದೆ. ರಸ್ತೆ ಬದಿಯ ತೊಗರ್ಸಿಗೆ ಹಸಿರು ಬಿತ್ತು. ಯಜಮಾನರು ಅಷ್ಟೂ ದಿನ ನೆಲದ ಮೇಲೆ ಕೂತು ಉಂಡರು.

ತೊಂದರೆ ಬಂದದ್ದು ಒಳಗಿನ ಸಣ್ಣ ಊರುಗಳಲ್ಲಿ. ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದರೆ ಅಲ್ಲಿನ ಜನ "ಇಲ್ಲೇ" ಅನ್ನುತ್ತಾರೆ. ನಮ್ಮ ಕಡೆ "ಇಲ್ಲೇ" ಎಂದರೆ ಪಕ್ಕದ ಮನೆಯೂ ಆಗಬಹುದು, ಮಧ್ಯಾಹ್ನದವರೆಗೆ ನಡೆಯುವ ದಾರಿಯೂ ಆಗಬಹುದು. ಅಂಥ ಮಾತಿಗೆ ನಾನು ಯಾವ ಬಣ್ಣ ಹಚ್ಚಲಿ? ಕೊನೆಗೆ ಕುಪ್ಪಗಡ್ಡೆಯಿಂದ ಒಳಕ್ಕಿರುವ ಒಂದು ಪುಟ್ಟ ಊರನ್ನು ಆರಿಸಿಕೊಂಡು, ಬಸುರಿ ಹೆಂಗಸು ಹೇಗೆ ಸೊರಬದ ಆಸ್ಪತ್ರೆಗೆ ಹೋಗುತ್ತಾಳೋ ಹಾಗೆಯೇ ನಾನೂ ಹೋಗಿ ನೋಡುವುದೆಂದು ತೀರ್ಮಾನಿಸಿದೆ. ಹೊಟ್ಟೆಗೆ ಭಾರ ಕಟ್ಟಿಕೊಂಡು!

"ನಿನಗೆ ಐವತ್ತು ಹತ್ತಿರ ಬಂತು ಕಣೇ," ಎಂದರು ಯಜಮಾನರು. "ನೋಡಿದವರು ನನ್ನ ಬಗ್ಗೆ ಏನಂದ್ಕೊಳ್ತಾರೆ?"

"ಒಳ್ಳೇದೇ ಅಂದ್ಕೊಳ್ತಾರೆ ಬಿಡ್ರಿ," ಎಂದೆ.

ಪ್ರಯೋಗಕ್ಕೆ ನಿಯಮಗಳನ್ನು ಗೊತ್ತುಮಾಡಿದೆ. ಊರಿನ ಕೊನೆಯ ಮನೆಯಿಂದ ಹೊರಡಬೇಕು. ನಿಜ ಸಂಗತಿ ಯಾರಿಗೂ ಹೇಳಬಾರದು, ಹೇಳಿದರೆ ಜನ ಬೇರೆ ರೀತಿ ನಡೆದುಕೊಂಡು ಅಳತೆ ಕೆಡುತ್ತದೆ. ನಮ್ಮ ಕಾರು ಬಳಸಬಾರದು. ಯಜಮಾನರು ನನ್ನನ್ನು ಊರ ಹೊರಗೆ ಇಳಿಸಿ, ಕಾರು ತೆಗೆದುಕೊಂಡು ಸೊರಬದ ಆಸ್ಪತ್ರೆ ಬಾಗಿಲಲ್ಲಿ ಕಾಯಬೇಕು. ದಾರಿಯಲ್ಲಿ ನನಗೆ ಸುಸ್ತಾಗಿ, ಮನಸ್ಸು ಕರಗಿ, ಕಾರು ತನ್ನಿ ಎಂದು ಫೋನಿನಲ್ಲಿ ಅತ್ತರೂ ಕರೆದರೂ ಬರಕೂಡದು. ಈ ಕೊನೆಯ ನಿಯಮವನ್ನು ಅವರಿಂದ ಮೂರು ಸಲ ಹೇಳಿಸಿದೆ.

ಆ ಊರನ್ನೇ ಆರಿಸಿದ್ದಕ್ಕೆ ಒಂದು ಘನವಾದ ಕಾರಣವಿತ್ತು. ನಮ್ಮ ಲೆಕ್ಕದ ಪ್ರಕಾರ ಅಲ್ಲಿ ಆಗ ಒಬ್ಬ ಬಸುರಿಯೂ ಇರಲಿಲ್ಲ. ನನ್ನ ಓಡಾಟದಿಂದ ನಿಜವಾದ ಬಸುರಿಗೆ ತೊಂದರೆ ಆಗಬಾರದಲ್ಲ! ಇಷ್ಟು ಮುಂದಾಲೋಚನೆ ಎಷ್ಟು ಜನರಿಗೆ ಇರುತ್ತದೆ ಎಂದು ಯಜಮಾನರನ್ನು ಕೇಳಿದೆ. ಅವರು ದಿಂಬಿಗೆ ಅಕ್ಕಿ ತುಂಬುತ್ತಿದ್ದರು.

ಅವರು ಅಕ್ಕಿ ತುಂಬಿಕೊಟ್ಟ ಹತ್ತಿಯ ದಿಂಬಿನ ತೂಕ ನೋಡಿ, ಹಳೆಯ ಸೀರೆಯಿಂದ ಸೊಂಟಕ್ಕೆ ಬಿಗಿದು, ಜಾರದಂತೆ ಪಿನ್ನು ಹಾಕಿಕೊಂಡೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ನಾನು ಆ ಊರಿನ ಕೊನೆಯ ಮನೆಯ ಜಗಲಿ ತಲುಪಿದ್ದೆ. ಅಷ್ಟು ನಡೆಯುವಷ್ಟರಲ್ಲೇ ಸೊಂಟ ಹಿಡಿದಿತ್ತು. ಉಸಿರು ಬಿಡಲು ಜಗಲಿಯ ಮೇಲೆ ಕೂತು, ಫೋನಿನ ಸ್ಟಾಪ್‌ವಾಚ್ ಒತ್ತಿದೆ.

ಅದು ಕುರಿ ಸಾಕುವ ಹಾಲಮ್ಮನ ಮನೆ. ಗಂಡ ಕುರಿ ಹೊಡೆದುಕೊಂಡು ದೂರದ ಬಯಲಿಗೆ ಹೋಗಿದ್ದ. ಸೊರಬ ಆಸ್ಪತ್ರೆಗೆ ಹೋಗಬೇಕಮ್ಮ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಲಮ್ಮ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಮತ್ತೆ ಮುಖ ನೋಡಿದಳು. ವಯಸ್ಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಾಗಿಲಿಗೆ ಬಂದ ಬಸುರಿಯನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ಒಳಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ತಂದು ಉಡಿ ತುಂಬಲು ಕೂತಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಸ್ಟಾಪ್‌ವಾಚ್ ಓಡುತ್ತಿತ್ತು.

ತಟ್ಟೆ ಹಿಡಿದುಕೊಂಡು ನಿಂತವಳು ಹಾಲಮ್ಮನ ಮಗಳು ಶಿಲ್ಪಾ. ಅವಳೂ ತುಂಬಿದ ಬಸುರಿ! ಒಂದು ಕೈ ತಟ್ಟೆಯಲ್ಲಿ, ಒಂದು ಕೈ ಸೊಂಟದ ಮೇಲೆ. ಮುಖ ಆಗಾಗ ಕಿವುಚುತ್ತಿದ್ದಳು. ನನಗೆ ಗಾಬರಿಯಾಯಿತು. ಗಾಬರಿಯಾದದ್ದು ಅವಳ ಸ್ಥಿತಿ ನೋಡಿ ಅಲ್ಲ, ನನ್ನ ಲೆಕ್ಕ ತಪ್ಪಿತೇ ಎಂದು. ತಾಯಿ ಕಾರ್ಡು ಎಲ್ಲಿ ಮಾಡಿಸಿದ್ದೀಯಮ್ಮ ಎಂದು ಕೇಳಿದೆ. ತೊಗರ್ಸಿಯಲ್ಲಿ, ಗಂಡನ ಮನೆ ಅಲ್ಲೇ, ಚೊಚ್ಚಲು ಅಂತ ಇಲ್ಲಿಗೆ ಬಂದಿದ್ದೀನಿ ಎಂದಳು. ನನಗೆ ನಿರಾಳವಾಯಿತು. ಹಾಗಿದ್ದರೆ ಅವಳು ತೊಗರ್ಸಿಯ ಲೆಕ್ಕದಲ್ಲಿ ಇದ್ದಾಳೆ. ಹಸಿರು ಬಣ್ಣದಲ್ಲಿ ಸುಖವಾಗಿದ್ದಾಳೆ. ಈ ಊರಿನಲ್ಲಿ ಬಸುರಿಯರಿಲ್ಲ ಎಂಬ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಎದುರಿಗೆ ನಿಂತು ಸೊಂಟ ಒತ್ತಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಅದಕ್ಕೆ ಒಪ್ಪುವಂತೆ ಕಾಣಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ನಾಗಜ್ಜಿ ಬಂದಳು. ಊರಿನ ಅರ್ಧ ಜನರನ್ನು ಹಡೆಸಿದ ಕೈ ಅವಳದು. ಹೇಳದೆ ಕೇಳದೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು, ಮುಖ ಗಂಭೀರವಾಯಿತು.

"ಯಾವಾಗಿಂದ ಹಿಂಗೈತೆ ತಂಗಿ? ಕೂಸು ಮಿಸುಕ್ತಾನೇ ಇಲ್ಲ."

ಅಕ್ಕಿ ಎಲ್ಲಿಂದ ಮಿಸುಕಬೇಕು? ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಆದರೆ ಅಳೆಯುವವರು ಅಳತೆಯಲ್ಲಿ ಕೈಯಾಡಿಸಬಾರದು ಎಂದು ಮಕ್ಕಳಿಗೆ ವರ್ಷವರ್ಷವೂ ಪಾಠ ಮಾಡಿದ ನಾಲಿಗೆ, ಅಂಗುಳಿಗೆ ಅಂಟಿಕೊಂಡು ಕೂತಿತು. ಅಪಾಯ ಬಂದಾಗ ಊರು ಏನು ಮಾಡುತ್ತದೆ ಎಂದು ನೋಡುವ ಅವಕಾಶ ಯಾರಿಗೆ ಸಿಗುತ್ತದೆ ಎಂಬ ಆಸೆ ಬೇರೆ. ತಲೆ ತಗ್ಗಿಸಿ ಸುಮ್ಮನಿದ್ದೆ. ನಾಗಜ್ಜಿ ಅದನ್ನು ಸಂಕಟ ಎಂದುಕೊಂಡಳು.

ಊರು ಏನು ಮಾಡುತ್ತದೆ ಎಂದು ನನಗೆ ಬೇಗ ಗೊತ್ತಾಯಿತು. ಇಡೀ ಊರಿನಲ್ಲಿದ್ದ ಒಂದೇ ಗಾಡಿ ಗುತ್ಯಪ್ಪನ ಲಗೇಜ್ ಆಟೋ. ಅವನು ಒಂದು ಟಗರನ್ನು ಮಾರಲು ಏರಿಸಿಕೊಂಡು ಹೊರಡುವುದರಲ್ಲಿದ್ದ. ಟಗರನ್ನು ಇಳಿಸಲೂ ಪುರುಸೊತ್ತಿಲ್ಲದೆ, ಅದರ ಪಕ್ಕದಲ್ಲೇ ಕಂಬಳಿ ಹಾಸಿ ನನ್ನನ್ನು ಎತ್ತಿ ಮಲಗಿಸಿದರು. ನಾಗಜ್ಜಿ ಹತ್ತಿ ನನ್ನ ತಲೆಯ ಹತ್ತಿರ ಕೂತಳು. ಹಾಲಮ್ಮ ಕೈ ಮುಗಿದಳು. ಶಿಲ್ಪಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಗಾಡಿ ಹೊರಟಿತು.

ಗದ್ದೆ ಬದಿಯ ಆ ದಾರಿಯಲ್ಲಿ ಎತ್ತಿನ ಗಾಡಿಯ ಜಾಡು ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರತಿ ಹಳ್ಳಕ್ಕೂ ನಾನು, ನಾಗಜ್ಜಿ, ಟಗರು ಮೂವರೂ ಒಟ್ಟಿಗೆ ಮೇಲೆ ಹಾರಿ ಒಟ್ಟಿಗೆ ಕೆಳಗೆ ಬೀಳುತ್ತಿದ್ದೆವು. ಹಾರಾಟದಲ್ಲಿ ಪಿನ್ನು ದಿಂಬಿಗೆ ಚುಚ್ಚಿ ತೂತಾಯಿತು. ಸೀರೆಯ ಸಂದಿಯಿಂದ ಅಕ್ಕಿ ಸಣ್ಣಗೆ ಸುರಿಯತೊಡಗಿತು. ಟಗರಿಗೆ ಅದು ಗೊತ್ತಾಯಿತು. ಅದು ನನ್ನ ಹೊಟ್ಟೆಗೇ ಬಾಯಿ ಹಾಕಿದಾಗ, ಉಡಿ ಅಕ್ಕಿಗೆ ಬಂದೈತೆ ಎಂದು ನಾಗಜ್ಜಿ ಅದರ ಮೂತಿಗೆ ಒಂದು ಕೊಟ್ಟಳು. ನಾನು ಸೆರಗು ಎಳೆದುಕೊಂಡು ಆಕಾಶ ನೋಡುತ್ತ ಮಲಗಿದ್ದೆ.

ಕುಪ್ಪಗಡ್ಡೆ ಇನ್ನೂ ಮುಂದಿರುವಾಗ, ದಾರಿಯ ಏರಿನಲ್ಲಿ ಸಿಗ್ನಲ್ ಸಿಕ್ಕಿತು. ಸಿಕ್ಕಿದ ಕೂಡಲೆ ಗುತ್ಯಪ್ಪನ ಫೋನು ಹೊಡೆದುಕೊಂಡಿತು. ಅವನು ಗಾಡಿ ನಿಧಾನ ಮಾಡಿ ಕೇಳಿಸಿಕೊಂಡ. ಹಾಲಮ್ಮ ಅಳುತ್ತಿದ್ದದ್ದು ಹಿಂದೆ ಮಲಗಿದ್ದ ನನಗೂ ಕೇಳಿಸಿತು.

"ನೀರು ಹೋಯ್ತಾ? ಈಗ್ಲೇನಾ?" ಎಂದ ಗುತ್ಯಪ್ಪ. "ನಾನೇನ್ ಮಾಡ್ಲಿ ಹಾಲಕ್ಕ, ಇಲ್ಲಿ ಇವ್ರ ಕೂಸು ಮಿಸುಕ್ತಾ ಇಲ್ಲ. ಇವ್ರನ್ನ ಬಿಟ್ಟು ಬತ್ತೀನಿ. ಸ್ವಲ್ಪ ತಡ್ಕಳಕ್ಕೆ ಹೇಳು."

ಆಂಬುಲೆನ್ಸಿಗೂ ಹೇಳಿದ್ದಾರಂತೆ, ಅದು ಇನ್ನೊಂದು ಹೆರಿಗೆಗೆ ಹೋಗಿದೆಯಂತೆ ಎಂದು ನಾಗಜ್ಜಿಗೆ ತಿಳಿಸಿದ. ಊರಿನ ಒಂದೇ ಗಾಡಿಯಲ್ಲಿ, ಊರಿನ ಒಬ್ಬಳೇ ಅನುಭವಸ್ಥೆಯನ್ನು ಜೊತೆಗೆ ಕೂರಿಸಿಕೊಂಡು, ನಾನು ಅಕ್ಕಿಯನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದೆ.

"ಗುತ್ಯಪ್ಪಾ, ಗಾಡಿ ತಿರುಗಿಸಪ್ಪ," ಎಂದು ಎದ್ದು ಕೂತೆ. "ನನಗೇನೂ ಆಗಿಲ್ಲ. ನಾನು ಬಸುರಿ ಅಲ್ಲ."

ನಾಗಜ್ಜಿ ನನ್ನ ಕೈ ಹಿಡಿದುಕೊಂಡಳು. "ಹಂಗನ್ನಬಾರ್ದು ತಂಗಿ. ಇನ್ನೂ ಆಸೆ ಐತೆ."

ಮಗು ಹೋಯಿತೆಂದು ನಾನೇ ಕೈಬಿಟ್ಟೆ ಎಂದು ಅವಳು ತಿಳಿದಿದ್ದಳು. ಇಲ್ಲಮ್ಮ, ಇದು ದಿಂಬು ಎಂದು ಕೂಗಿದೆ. ಸಂಕಟ ತಲೆಗೇರೈತೆ ಎಂದು ನಾಗಜ್ಜಿ ಗುತ್ಯಪ್ಪನಿಗೆ ಹೇಳಿದಳು. ಅವನು ಗಾಡಿಯ ವೇಗ ಹೆಚ್ಚಿಸಿದ. ನಾನು ನಿಜ ಹೇಳಿದಷ್ಟೂ ಗಾಡಿ ಸೊರಬದ ಕಡೆ ಜೋರಾಗಿ ಓಡುತ್ತಿತ್ತು, ಶಿಲ್ಪಾ ಅಷ್ಟಷ್ಟು ಹಿಂದೆ ಉಳಿಯುತ್ತಿದ್ದಳು. ನನ್ನ ಜೀವಮಾನದಲ್ಲಿ ನನ್ನ ಮಾತಿಗೆ ಅಷ್ಟು ಬೆಲೆಯಿಲ್ಲದ ಹೊತ್ತು ಇನ್ನೊಂದು ಬಂದಿರಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಸೀರೆಯೊಳಗೆ ಕೈ ಹಾಕಿ, ಪಿನ್ನು ಕಿತ್ತು, ಗಂಟು ಎಳೆದು, ದಿಂಬನ್ನು ಹೊರಕ್ಕೆ ತೆಗೆದೆ. ಟಗರು ತಕ್ಷಣ ಅದಕ್ಕೆ ಬಾಯಿ ಹಾಕಿತು. ನಾಗಜ್ಜಿ ದಿಂಬನ್ನು ನೋಡಿದಳು, ಬರಿದಾದ ನನ್ನ ಹೊಟ್ಟೆಯನ್ನು ನೋಡಿದಳು. ಗುತ್ಯಪ್ಪ ಕನ್ನಡಿಯಲ್ಲಿ ಕಂಡು ಬ್ರೇಕು ಒತ್ತಿದ.

ನಾಗಜ್ಜಿ ಟಗರನ್ನು ಎಳೆದು ಆಚೆ ನಿಲ್ಲಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗುತ್ಯಪ್ಪ ಗದ್ದೆಗೆ ಚಕ್ರ ಇಳಿಸಿ ಗಾಡಿ ತಿರುಗಿಸಿದ. ನನಗೆ ಅಳು ಬಂತು. ಆ ಹುಡುಗಿ ಚೌಕಟ್ಟು ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತ್ತು.

ಸಿಗ್ನಲ್ ತಪ್ಪುವ ಮುಂಚೆ ಯಜಮಾನರಿಗೆ ಫೋನು ಮಾಡಿ, ಕಾರು ತೆಗೆದುಕೊಂಡು ಕುಪ್ಪಗಡ್ಡೆಗೆ ಓಡಿ ಬನ್ನಿ ಎಂದೆ.

"ಬರೋದಿಲ್ಲ," ಎಂದರು ಅವರು. "ನಿಯಮ ನಿಯಮವೇ."

ಇಲ್ಲಿ ನಿಜವಾದ ಬಸುರಿ ಇದ್ದಾಳೆ, ನೀರು ಹೋಗಿದೆ ಎಂದು ಬೇಡಿಕೊಂಡೆ. ಅಳುವುದು ಬಹಳ ಸಹಜವಾಗಿ ಬಂದಿದೆ ಎಂದು ಹೊಗಳಿ ಫೋನಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಒಂದು ದಿನವೂ ಪೂರ್ತಿ ಪಾಲಿಸದ ಮನುಷ್ಯ, ಆ ದಿನವೇ ಪಾಲಿಸಬೇಕೇ! ಮತ್ತೆ ಮಾಡಿದೆ. ಮತ್ತೆ ನಕ್ಕರು. ಮೂರನೆಯ ಸಲ ನಾಗಜ್ಜಿ ಫೋನು ಕಿತ್ತುಕೊಂಡಳು.

"ಏನಪ್ಪಾ, ನಿನ್ ಹೆಂಡ್ತಿ ಹೊಟ್ಟೇಲಿ ಇದ್ದಿದ್ದು ದಿಂಬು. ನಮ್ ಹುಡ್ಗಿ ಹೊಟ್ಟೇಲಿ ಇರೋದು ಕೂಸು. ಕಾರು ತರ್ತೀಯೋ, ನಾನೇ ಅಲ್ಲಿಗೆ ಬರ್ಲೋ?"

ಯಜಮಾನರು ಹೊರಟರು.

ನಾವು ಊರು ತಲುಪಿದಾಗ ಶಿಲ್ಪಾ ಜಗಲಿಯಲ್ಲಿ ಕಂಬ ತಬ್ಬಿಕೊಂಡು ಕೂತಿದ್ದಳು. ಕೂಗುತ್ತಿರಲಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದಳು, ಅದು ಕೂಗಿಗಿಂತ ಹೆಚ್ಚು ಭಯ ಹುಟ್ಟಿಸುತ್ತಿತ್ತು. ನನ್ನ ಜಾಗದಲ್ಲಿ ಅವಳನ್ನು ಮಲಗಿಸಿದರು. ತಲೆಯ ಕೆಳಗೆ ಏನಾದರೂ ಕೊಡಿ ಎಂದಾಗ ನಾಗಜ್ಜಿ ನನ್ನ ಕಡೆ ನೋಡದೆ ಕೈ ಚಾಚಿದಳು. ನಾನು ದಿಂಬು ಕೊಟ್ಟೆ. ಹಾಲಮ್ಮ ಹತ್ತಿದಳು. ನನ್ನ ಹೊಟ್ಟೆ ಎಲ್ಲಿ ಹೋಯಿತು ಎಂದು ಕೇಳುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ನಾನು ಟಗರಿನ ಪಕ್ಕದ ಮೂಲೆಯಲ್ಲಿ ತೂರಿಕೊಂಡೆ.

ಅರ್ಧ ದಾರಿಯಲ್ಲಿ ಒಂದು ಕುರಿ ಹಿಂಡು ಅಡ್ಡ ಬಂತು. ದಾರಿಯ ತುಂಬ ಕುರಿ, ಎರಡೂ ಕಡೆ ಬದು. ಕಾಯುವವನು ಎಲ್ಲೋ ಹಿಂದೆ ಉಳಿದಿದ್ದ. ಗುತ್ಯಪ್ಪ ಹಾರನ್ನು ಹೊಡೆದಷ್ಟೂ ಅವು ಒಂದಕ್ಕೊಂದು ಒತ್ತಿಕೊಂಡು ನಿಂತವು. ಶಿಲ್ಪಾ ಆಗ ಮೊದಲ ಸಲ "ಅವ್ವಾ" ಎಂದಳು. ನಾನು ಧುಮುಕಿದೆ. ಹುಶ್ ಎಂದರೂ ಕದಲದ ಕುರಿಗಳ ನಡುವೆ ನನಗೆ ನೆನಪಾದದ್ದು ಉಡಿಯಲ್ಲಿದ್ದ ಅಕ್ಕಿ. ಹಿಡಿ ತುಂಬ ತೆಗೆದು ಎರಚುತ್ತ ಬದು ಹತ್ತಿ ಕೊಯ್ದ ಗದ್ದೆಗೆ ಇಳಿದೆ. ಮುಂದಿನ ಕುರಿ ಮೂಸಿ ನೋಡಿ ಹಿಂದೆ ಬಂತು. ಒಂದು ಬಂದ ಮೇಲೆ ಉಳಿದವಕ್ಕೆ ಯೋಚನೆಯೇನಿದೆ? ಎಲ್ಲವೂ ನನ್ನ ಹಿಂದೆ ಗದ್ದೆಗೆ ನುಗ್ಗಿದವು. ದಾರಿ ಬಿಡಿಸಿದೆನೆಂದು ಹೆಮ್ಮೆಯಿಂದ ತಿರುಗಿ ನೋಡುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು. ನನಗಾಗಿ ನಿಲ್ಲಿಸಲಿಲ್ಲ. ನಿಲ್ಲಿಸದೆ ಹೋದದ್ದೇ ಸರಿ.

ಕುರಿಗಳಿಂದ ಬಿಡಿಸಿಕೊಂಡು, ಕುಪ್ಪಗಡ್ಡೆಯವರೆಗೆ ನಡೆದು, ಸೊರಬದ ಬಸ್ಸು ಹತ್ತಿದೆ. ಹೊಟ್ಟೆ ಇಲ್ಲದ ನನಗೆ ಯಾರೂ ಸೀಟು ಬಿಡಲಿಲ್ಲ. ಫೋನಿನ ಬ್ಯಾಟರಿ ಮುಗಿಯುತ್ತ ಬಂದಿತ್ತು, ಯಜಮಾನರು ಎತ್ತುತ್ತಿರಲಿಲ್ಲ. ಕಂಬ ಹಿಡಿದು ನಿಂತು, ಆ ಹುಡುಗಿಗೆ ಏನಾದರೂ ಆದರೆ ನಾನು ಹಾಲಮ್ಮನ ಮುಖ ಹೇಗೆ ನೋಡಲಿ ಎಂಬ ಒಂದೇ ಯೋಚನೆ. ಬೇಡಿಕೊಳ್ಳದ ದೇವರಿಲ್ಲ. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಅಷ್ಟು ಸ್ಟಾಪುಗಳಿವೆ ಎಂದು ನನ್ನ ನಕ್ಷೆಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಕಾರಿನ ಹಿಂದೆಯೇ ಗುತ್ಯಪ್ಪನ ಆಟೋ ನಿಂತಿತ್ತು, ಪಕ್ಕದಲ್ಲಿ ಯಜಮಾನರು ಟಗರಿನ ಹಗ್ಗ ಹಿಡಿದು ನಿಂತಿದ್ದರು. ಅವರ ಮುಖ ನೋಡಿ ಏನೂ ತಿಳಿಯಲಿಲ್ಲ. ಟಗರಿನ ಮುಖ ನೋಡಿದರೂ ತಿಳಿಯಲಿಲ್ಲ.

"ಹೆಣ್ಣು ಮಗು," ಎಂದರು. "ಇಬ್ಬರೂ ಚೆನ್ನಾಗಿದ್ದಾರೆ. ಕುಪ್ಪಗಡ್ಡೇಲಿ ನಮ್ಮ ಕಾರಿಗೆ ಹತ್ತಿಸ್ಕೊಂಡು ಬಂದ್ವಿ. ಇನ್ನೂ ಸ್ವಲ್ಪ ತಡ ಆಗಿದ್ರೆ ಕಾರಲ್ಲೇ ಆಗೋದು ಅಂದರು ಡಾಕ್ಟರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಈ ಸಲ ಅಭಿನಯ ಚೆನ್ನಾಗಿದೆ ಎಂದು ಅವರು ಹೇಳಲಿಲ್ಲ. ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿ ಬೆನ್ನು ಸವರಿದರು. ಸ್ಟಾಪ್‌ವಾಚ್ ಇನ್ನೂ ಓಡುತ್ತಲೇ ಇತ್ತು.

ಮನೆಗೆ ಬಂದು ನಕ್ಷೆಯ ಎದುರು ಕೂತೆ. ನಮ್ಮ ಕಡೆ ಚೊಚ್ಚಲ ಬಸುರಿಯರೆಲ್ಲ ದಿನ ತುಂಬುವ ಹೊತ್ತಿಗೆ ತವರಿನಲ್ಲಿ ಇರುತ್ತಾರೆ. ಕಾರ್ಡು ಹಸಿರು ಊರಿನಲ್ಲಿ, ಹೆರಿಗೆ ನೋವು ಕೆಂಪು ಊರಿನಲ್ಲಿ. ಇದು ತಿಳಿಯಲು ಸಂಖ್ಯಾಶಾಸ್ತ್ರ ಬೇಕಿರಲಿಲ್ಲ. ನಮ್ಮ ಮಗಳು ಹುಟ್ಟುವಾಗ ನೀನು ಎಲ್ಲಿದ್ದೆ ಎಂದು ಯಜಮಾನರು ಮೆಲ್ಲಗೆ ಕೇಳಿದರು. ತವರಿನಲ್ಲಿದ್ದೆ. ಮಾವಿನಕಾಯಿ ಉಪ್ಪಿನಕಾಯಿ ತಿನ್ನುತ್ತ, ಮೂರು ತಿಂಗಳು! ಆ ರಾತ್ರಿ ಊಟದ ಮೇಜು ಖಾಲಿಯಾಯಿತು. ಎಲ್ಲ ಊರುಗಳನ್ನೂ ಮೊದಲಿನಿಂದ ಕೇಳಬೇಕಾಯಿತು, ಈ ಸಲ ಯಾವ ಮನೆಗೆ ಮಗಳು ಬಂದಿದ್ದಾಳೆ ಎಂದು.

ಹಾಗೆ ಕೇಳುತ್ತ ಹೋದಾಗ ಹಾಲಮ್ಮನ ಮನೆಗೂ ಹೋಗಬೇಕಾಯಿತು. ನನಗೆ ಹೋಗುವ ಧೈರ್ಯವಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ನೀವೂ ಬರಬೇಕು ಎಂದು ಅವಳೇ ಹೇಳಿ ಕಳಿಸಿದಳು. ಜಗಲಿ ಹತ್ತುವಾಗ ನಾಗಜ್ಜಿ ಅಡ್ಡ ಬಂದು ನನ್ನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ, ಇವತ್ತು ಏನು ಕಟ್ಟಿಕೊಂಡು ಬಂದೀಯ ಎಂದು ಕೇಳಿದಳು. ಏನೂ ಇಲ್ಲಜ್ಜಿ, ಇದು ನನ್ನದೇ ಎಂದೆ. ನಂಬಿಕೆ ಬಾರದೆ ಇನ್ನೊಮ್ಮೆ ಒತ್ತಿ ನೋಡಿದಳು.

ಒಳಗೆ ಶಿಲ್ಪಾ ಕೂತಿದ್ದಳು. ಪಕ್ಕದಲ್ಲಿ ನನ್ನ ದಿಂಬಿನ ಮೇಲೆ ಕೈಯಿಟ್ಟುಕೊಂಡು ಮಗು ಮಲಗಿತ್ತು. ನಾನು ಕೆಲಸಕ್ಕಷ್ಟೇ ಬಂದವಳಂತೆ ಹಾಳೆ ತೆಗೆದು ನಮ್ಮ ಪ್ರಶ್ನೆಗಳನ್ನು ಕೇಳಿದೆ. ಕೊನೆಯ ಪ್ರಶ್ನೆ, ಆಸ್ಪತ್ರೆಗೆ ಹೋಗುವಾಗ ಏನು ಅಡ್ಡಿಯಾಯಿತು ಎಂಬುದು. ರಸ್ತೆ, ವಾಹನ, ಸಿಗ್ನಲ್, ಇತರೆ ಎಂದು ಓದಿ ಹೇಳಿದೆ. ಶಿಲ್ಪಾ ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಬೇಜಾರು ಮಾಡ್ಕಬಾರ್ದು ಮೇಡಂ," ಎಂದಳು. "ಗಾಡಿ ನಮ್ ಬಾಗ್ಲಲ್ಲೇ ಇತ್ತು. ನಾಗಜ್ಜಿನೂ ಇಲ್ಲೇ ಇದ್ಲು. ನೀವು ಬಂದ್ರಿ."

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೇ. ನಾನು "ಇತರೆ" ಎಂಬಲ್ಲಿ ಗುರುತು ಹಾಕಿದೆ. ಅದರ ಮುಂದೆ, ವಿವರಿಸಿ ಎಂದು ನಾನೇ ಬಿಡಿಸಿದ್ದ ಒಂದು ಸಾಲಿನ ಜಾಗವಿತ್ತು. ಅಲ್ಲಿ ದುಂಡಗೆ ಬರೆದೆ: ಅಳೆಯಲು ಬಂದವರು.